ಕೈ ಕಟ್ಟಿ ಕೂಡ್ರಿ

ನವನಗರದ ತರಬೇತಿಯಲ್ಲಿ ಐದನೇ ದಿನ
ನಮ್ಮ ಕಿವಿಗೆ ಹತ್ತಿ ತುರುಕಿ
ಅರ್ಧ ತಾಸು ಕೂಡಿಸಿದರು.
'ಹಿಂಗಿರತದ ನೋಡ್ರಿ ಅವರ ಲೋಕ' ಅಂದರಂತೆ ಕಲಿಸುವವರು.
ನನಗೆ ಕೇಳಿಸಲಿಲ್ಲ, ಬಾಜೂಕಿನವರು ಆಮೇಲೆ ಹೇಳಿದರು.
ಊಟಕ್ಕೆ ಬದನೆಕಾಯಿ ಪಲ್ಲೆ ಇತ್ತು. ಹತ್ತಿ ತೆಗೆದು ಉಂಡೆವು.
ಹತ್ತನೇ ದಿನ ಸರ್ಟಿಫಿಕೇಟು,
ಇಪ್ಪತ್ತೊಂದು ಕಾಲಮ್ಮಿನ ರಜಿಸ್ಟರು,
ಹತ್ತೊಂಬತ್ತು ಶಾಲೆ, ಒಂದು ಬಸ್ ಪಾಸು.

ಬನಹಟ್ಟಿ, ಎರಡನೇ ಬುಧವಾರ.
ಮೂರನೇ ಇಯತ್ತೆ, ಹಿಂದಿನ ಸಾಲು, ಕಿಟಕಿ ಕಡೆ: ಬನಶಂಕರ.
ಮುಧೋಳದಿಂದ ಬಂದುಹೋಗುವ ಜಕಾತಿ ಸರ್ ಮೆಲ್ಲಗೆ ಅಂದರು,
ಅವನಿಗೆ ಕೇಳಿಸೀತೇನೋ ಅನ್ನೋ ಹಂಗ:
'ಹುಡುಗ ಶಾಣ್ಯಾ ಅದಾನ್ರಿ ಟೀಚರ್. ತಂಟಿಲ್ಲ, ತಕರಾರಿಲ್ಲ.
ಕೈ ಕಟ್ಟಿ ಕೂಡಿಸಿದರ ಸಂಜೀತನಕ ಕೂಡತಾನ.'
ಕೂತಿದ್ದ. ಬೆರಳೆಲ್ಲ ಕಂಕುಳಲ್ಲಿ ಅಡಗಿಸಿಕೊಂಡು.
ಸರಕಾರ ಕೊಟ್ಟ ಕಿವಿಯ ಮಶೀನು
ಪಾಟೀಚೀಲದ ತಳದಲ್ಲಿ, ಮುರಿದ ಬಳಪದ ಜತೆ.

ಕಲಿತು ಬಂದದ್ದನ್ನೆಲ್ಲ ಮಾಡಿದೆ.
ಮುಂದಿನ ಸಾಲಿಗೆ ತಂದೆ. ಎದುರು ನಿಂತು ತುಟಿ ಬಿಡಿಸಿ ಮಾತಾಡಿದೆ.
ಚಿತ್ರದ ಕಾರ್ಡು ಹಿಡಿದೆ: ಆನೆ. ಇಲಿ. ಉಳ್ಳಾಗಡ್ಡಿ.
ನಕ್ಕ.
ನಗು ಯಾವ ಕಾಲಮ್ಮಿಗೂ ಬರುವುದಿಲ್ಲ.

ಮನೆಭೇಟಿ ಅಂತ ಒಂದು ಫಾರ್ಮು ಇದೆ,
ಅದನ್ನು ತುಂಬಲಿಕ್ಕೆಂದೇ ಹೋದೆ ಅವರವ್ವ ದುಡಿಯುವ ಶೆಡ್ಡಿಗೆ.
ಹದಿನಾರು ಪವರ್‌ಲೂಮು. ಖಟಖಟ ಅನ್ನಬಾರದು ಅದಕ್ಕೆ,
ಅದು ಸದ್ದಲ್ಲ, ಗೋಡೆ.
ನನ್ನ ಹೆಸರು ನಾನೇ ಒದರಿ ಹೇಳಿದೆ, ನನಗೇ ಮುಟ್ಟಲಿಲ್ಲ.
ತಲೆಯ ಮೇಲೆ ಅರಳೆಯ ಧೂಳು ಇಳಿಯುತ್ತಿತ್ತು, ತೆಳ್ಳಗೆ.
ಐದನೇ ದಿನದ ಹತ್ತಿ ನೆನಪಾಯಿತು.

ಅಲ್ಲಿ ಬನ್ಯಾ ಮಾತಾಡುತ್ತಿದ್ದ.

ಎರಡು ಬೆರಳು ಜೋಡಿಸಿ ಬಿಡಿಸಿದ: ಎಳೀ ಹರೀತು.
ಮೂರನೇ ಮಗ್ಗದಿಂದ ನೀಲವ್ವ ಅಂಗೈ ಮಗುಚಿದಳು: ತಡಿ, ಬಂದೆ.
ಯಾರೋ ಗಾಳಿಯಲ್ಲಿ ಮೀಸೆ ತಿರುವಿದರು: ಸಾವಕಾರ ಬಂದ.
ಎಲ್ಲರ ಬೆನ್ನು ನೆಟ್ಟಗಾದವು.
ಹುಡುಗ ಹೆಬ್ಬೆರಳನ್ನು ತುಟಿಗೆ ವಾಲಿಸಿ ನನ್ನ ಕಡೆ ನೋಡಿದ.
ಮತ್ತೆ ವಾಲಿಸಿದ. ಮತ್ತೆ.
ಆಮೇಲೆ ಅವ್ವನ ಕಡೆ ತಿರುಗಿ,
ನನ್ನನ್ನು ತೋರಿಸಿ, ತನ್ನ ಕಿವಿ ತೋರಿಸಿ, ಕೈ ಅಲ್ಲಾಡಿಸಿದ:
ಈಕಿಗೆ ತಿಳಿಯೂದಿಲ್ಲ.

ಚಹಾ ಬಂತು.

ಮರುದಿನ ನನ್ನ ಪಾಳಿ ಅಲ್ಲಿರಲಿಲ್ಲ. ಹೋದೆ.
ಮೂವತ್ತೆರಡು ಮಕ್ಕಳೆದುರು ಎರಡು ಬೆರಳು ಜೋಡಿಸಿ, ಬಿಡಿಸಿದೆ.
'ಎಳೀ ಹರೀತ್ರಿ!' ಇಡೀ ಇಯತ್ತೆ.
ಎಲ್ಲಾರಿಗೂ ಗೊತ್ತು. ಎಲ್ಲಾರೂ ಮಗ್ಗದ ಬುಡಕ ತೆವಳಿ ಬೆಳೆದವರು.
ಮತ್ತೆ ಎರಡು ವರ್ಷ ಒಂದೇ ಖೋಲಿಯೊಳಗೆ
ಇವನ ಜತೆ ಯಾರೂ ಮಾತಾಡಿಲ್ಲ ಯಾಕೆ?
ತಬಸ್ಸುಮ್ ಎದ್ದು ನಿಂತಳು.
'ಸಾಲ್ಯಾಗ ಕೈ ಕಟ್ಟಿ ಕೂಡಬೇಕಲ್ರಿ.'

ಬಾಗಿಲಲ್ಲಿ ಜಕಾತಿ ಸರ್ ಕನ್ನಡಕ ತೆಗೆದು ಒರೆಸಿದರು,
ಬಹಳ ಹೊತ್ತು ಒರೆಸಿದರು.

ಈಗ ಆ ಇಯತ್ತೆಯಲ್ಲಿ ಗದ್ದಲ ಜಾಸ್ತಿ.
ಎಳೀ, ಚಹಾ, ಸಾವಕಾರ: ಇಷ್ಟರಿಂದ ಮಗ್ಗ ನಡೆದೀತು,
ಭಾಗಾಕಾರ ಬರುವುದಿಲ್ಲ; 'ನಿನ್ನೆ' ಇಲ್ಲ, 'ಅಂಜಿಕಿ' ಇಲ್ಲ.
ಸನ್ನೆ ಭಾಷೆ ಬಲ್ಲವರನ್ನು ಕಳಿಸಿರೆಂದು ಮೂರು ಸಲ ಬರೆದಿದ್ದೇನೆ.
ಅಲ್ಲಿತನಕ 'ಯಾಕೆ'ಗೆ ಒಂದು ಸನ್ನೆ
ಅವನೇ ಮಾಡಿ ಕೊಟ್ಟಿದ್ದಾನೆ. ದಿನಕ್ಕೆ ನೂರು ಸಲ ಕೇಳುತ್ತಾನೆ.

ವರದಿಯ ಕೊನೆಗೆ 'ಕೈಗೊಂಡ ಕ್ರಮ' ಅಂತ ಒಂದು ಗೆರೆ ಜಾಗ.
'ಕೈ ಬಿಡಿಸಲಾಗಿದೆ' ಎಂದು ಬರೆದೆ.
ಬ್ಲಾಕ್ ಆಫೀಸಿನಿಂದ ಫೋನು:
'ಏನ್ರಿ ಟೀಚರ್, ಹುಡುಗನ್ನ ಸಾಲಿ ಬಿಡಿಸೀರೇನು?'
ಬಸ್ಸಿನೊಳಗಿದ್ದೆ. ಇಂಜಿನ್ನು, ಜನ, ಹಾಡು.
ಫೋನ್ ಹಿಡಿದುಕೊಂಡೇ ಇನ್ನೊಂದು ಅಂಗೈ ಮಗುಚಿದೆ:
ತಡೀರಿ, ಹೇಳತೀನಿ.
ಅವರಿಗೆ ಕಾಣಲಿಲ್ಲ.